ತಂತಿಯ ಲೆಕ್ಕ ಹಿಡಿದ ಸನ್ಯಾಸಿ

ಬಲಿಪೂಜೆಗೆ ಮುನ್ನ ಗಾಯನವೃಂದದವರು ಕೀಬೋರ್ಡಿನ ಮೇಲೆ ಬೆರಳಾಡಿಸುವಾಗ, ಅದರ ಬಿಳಿ-ಕಪ್ಪು ಮನೆಗಳ ಹಿಂದೆ ಶತಮಾನಗಳ ಗಣಿತವಿದೆಯೆಂಬುದು ನಮ್ಮ ನೆನಪಿಗೆ ಬರುವುದಿಲ್ಲ. ಆ ಗಣಿತವನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಪ್ರಮುಖರಾದ ಒಬ್ಬರು ಧರ್ಮಸಭೆಯ ಗುರುವೇ: ಫ್ರಾನ್ಸಿನ ಮಿನಿಮ್ ಸಭೆಯ ಮಾರೆನ್ ಮೆರ್ಸೆನ್ (1588–1648).

ತಂತಿಯನ್ನು ಅರ್ಧಕ್ಕಿಳಿಸಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲಿಗಿಳಿಸಿದರೆ ಪಂಚಮ. ಇದು ಪೈಥಾಗೊರಸನ ಪಂಥದವರಿಗೇ ತಿಳಿದಿತ್ತು. ತೊಡಕು ಇರುವುದೂ ಅಲ್ಲಿಯೇ. ಪಂಚಮದಿಂದ ಪಂಚಮಕ್ಕೆ ಹನ್ನೆರಡು ಹೆಜ್ಜೆ ಏರಿದರೆ ಏಳು ಸ್ಥಾಯಿಗಳಾಚೆಯ ಷಡ್ಜವನ್ನು ತಲುಪಬೇಕು, ತಲುಪುವುದಿಲ್ಲ. ಹನ್ನೆರಡು ಒಂದೂವರೆಗಳ ಗುಣಲಬ್ಧ ಸುಮಾರು 129.75, ಏಳು ಎರಡುಗಳದು 128. ಈ ಸಣ್ಣ ಉಳಿಕೆ ವಾದ್ಯಗಾರರನ್ನು ಬಹುವಾಗಿ ಕಾಡಿತು. ಹನ್ನೊಂದು ಪಂಚಮಗಳನ್ನು ಶುದ್ಧವಾಗಿಟ್ಟರೆ ಕೊನೆಯದು ಊಳಿಡುತ್ತಿತ್ತು. ಅದಕ್ಕೆ ‘ತೋಳ’ ಎಂದೇ ಹೆಸರಾಯಿತು.

ಸಂದೇಹವಾದಿಗಳೆದುರು ವಿಜ್ಞಾನಗಳ ಸತ್ಯವನ್ನು ಸಮರ್ಥಿಸಿ 1625ರಲ್ಲಿ ಗ್ರಂಥ ಬರೆದಿದ್ದ ಮೆರ್ಸೆನ್ನರಿಗೆ ಸ್ವರಮೇಳವೆಂದರೆ ಸೃಷ್ಟಿಕರ್ತನ ಕೈಬರಹ. ಆ ಕೈಬರಹದಲ್ಲಿಯೇ ಲೆಕ್ಕ ತಾಳೆಯಾಗದಿದ್ದರೆ? ಅವರು ಅದನ್ನು ಮುಚ್ಚಿಡಲಿಲ್ಲ. ಈ ಪ್ರಾಮಾಣಿಕತೆಯನ್ನು ನಾನು ಅವರ ಭಕ್ತಿಯಷ್ಟೇ ಗೌರವಿಸುತ್ತೇನೆ. ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಕಂಪಿಸುವ ಬಹು ಉದ್ದದ ತಂತಿಗಳನ್ನು ಬಿಗಿದು ಕಂಪನಗಳನ್ನು ಎಣಿಸಿದರು. ಬಿಗಿತ ನಾಲ್ಕರಷ್ಟಾದರೆ ಕಂಪನ ಇಮ್ಮಡಿ, ದಪ್ಪ ಇಮ್ಮಡಿಯಾದರೆ ಕಂಪನ ಅರ್ಧ ಎಂಬ ನಿಯಮಗಳನ್ನು 1636ರ ತಮ್ಮ ಬೃಹದ್ಗ್ರಂಥದಲ್ಲಿ ಕೊಟ್ಟರು. ಸ್ಥಾಯಿಯನ್ನು ಹನ್ನೆರಡು ಸಮಪ್ರಮಾಣದ ಮೆಟ್ಟಿಲುಗಳಾಗಿಸುವ ಅಂಕಿಗಳೂ ಅದರಲ್ಲಿವೆ: ಪ್ರತಿ ಮೆಟ್ಟಿಲೂ ಹಿಂದಿನದರ ಸುಮಾರು 1.05946ರಷ್ಟು. (ಚೀನಾದ ರಾಜಕುಮಾರ ಝು ಝೈಯು ಈ ಲೆಕ್ಕವನ್ನು 1584ರಲ್ಲಿಯೇ ಮಾಡಿದ್ದನು, ಹಿರಿಮೆ ಪಶ್ಚಿಮದ್ದು ಮಾತ್ರವಲ್ಲ.)

ಫ್ಲಾರೆನ್ಸಿನ ಕ್ರಿಸ್ತೊಫೊರಿ ಸುಮಾರು 1700ರಲ್ಲಿ ಪಿಯಾನೊ ರಚಿಸಿದನು. ಉದ್ದವೊಂದನ್ನೇ ನಂಬಿದರೆ, ಐದು ಸೆಂಟಿಮೀಟರಿನ ತಂತಿಗಿಂತ ಏಳು ಸ್ಥಾಯಿ ಕೆಳಗಿನದಕ್ಕೆ ಆರು ಮೀಟರಿಗೂ ಮಿಕ್ಕ ತಂತಿ ಬೇಕು! ಆದ್ದರಿಂದಲೇ ಇಂದಿನ ಪಿಯಾನೊದ ಮಂದ್ರ ತಂತಿಗಳಿಗೆ ತಾಮ್ರ ಸುತ್ತಿ ಭಾರ ಹೆಚ್ಚಿಸುತ್ತಾರೆ. 1722ರಲ್ಲಿ ಬಾಖ್ ಇಪ್ಪತ್ತನಾಲ್ಕು ಶ್ರುತಿಕ್ರಮಗಳಲ್ಲಿಯೂ ಕೃತಿ ರಚಿಸಿ, ಒಂದೇ ಶ್ರುತಿಗೊಳಿಕೆಯಲ್ಲಿ ಎಲ್ಲವನ್ನೂ ನುಡಿಸಬಹುದೆಂದು ತೋರಿದರು. ಅವರ ಹಂಚಿಕೆ ಪೂರ್ಣ ಸಮವಾಗಿತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಸಮ ಹಂಚಿಕೆಯಲ್ಲಿ ಷಡ್ಜದ ಹೊರತು ಯಾವ ಸ್ವರವೂ ಪೂರ್ಣ ಶುದ್ಧವಲ್ಲ. ಪಂಚಮ ಕೂದಲೆಳೆಯಷ್ಟು ತಗ್ಗು, ಗಾಂಧಾರ ತುಸು ಹೆಚ್ಚೇ ಏರು. ವಾದ್ಯವಿಲ್ಲದೆ ನಾಲ್ಕು ದನಿಗಳಲ್ಲಿ ಹಾಡುವ ಪಳಗಿದ ಗಾಯನವೃಂದ ತಾನಾಗಿಯೇ ಶುದ್ಧ ಗಾಂಧಾರದತ್ತ ಸರಿಯುತ್ತದೆ. ಕೀಬೋರ್ಡ್ ಸೇರಿದೊಡನೆ ಮತ್ತೆ ಅದರ ಲೆಕ್ಕಕ್ಕೆ ಮರಳುತ್ತದೆ.