ಪರಿಚಯ: ಕೊಡುವವರು, ಕೊಳ್ಳುವವರು

ಸ್ಟಾರ್ಟ್‌ಅಪ್ ಸಮಾವೇಶದ ಆಮಂತ್ರಣವನ್ನು ಕನ್ನಡದಲ್ಲಿ ಬರೆಯಲು ಕೂತವರನ್ನು ಮೊದಲು ಸತಾಯಿಸುವ ಪದ 'ನೆಟ್‌ವರ್ಕಿಂಗ್'. ನಿಘಂಟು ತೆಗೆದರೆ 'ಜಾಲ' ಎಂದಿರುತ್ತದೆ. ಆದರೆ ನಮ್ಮ ಪತ್ರಿಕೆಗಳಲ್ಲಿ ಜಾಲ ಹೆಣೆಯುವವರು ಕಳ್ಳಸಾಗಣೆದಾರರು, ಅದನ್ನು ಭೇದಿಸುವವರು ಪೊಲೀಸರು. 'ಬನ್ನಿ, ಜಾಲ ಹೆಣೆಯೋಣ' ಎಂದು ಯಾವ ಸಂಘಟಕರೂ ಕರೆಯಲಾರರು. 'ಸಂಪರ್ಕ' ಎನ್ನೋಣವೆಂದರೆ ಅದಕ್ಕೆ ವಿದ್ಯುತ್ ಕಚೇರಿಯ ವಾಸನೆ, 2020ರ ಬಳಿಕ ಕ್ವಾರಂಟೈನಿನ ನೆನಪು. ಇನ್ನು ಆಡುಮಾತಿನ 'ನೆಟ್‌ವರ್ಕ್' ಎಂದರೆ ಮೊಬೈಲಿನ ಸಿಗ್ನಲ್. ಮಲೆನಾಡಿನಲ್ಲಿ ಅದಕ್ಕಾಗಿ ಗುಡ್ಡ ಹತ್ತುತ್ತಾರೆ, ಅದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ, ಯಾರೂ ಅದನ್ನು 'ಮಾಡುವುದಿಲ್ಲ'. ಹೀಗೆ ಒಂದೊಂದನ್ನೇ ಬದಿಗೆ ಸರಿಸಿದ ಮೇಲೆ ಉಳಿಯುವುದು 'ಪರಿಚಯ'. 'ಹೂಡಿಕೆದಾರರ ಪರಿಚಯ ಮಾಡಿಕೊಳ್ಳಲು ಸದವಕಾಶ' ಎಂದು ಬರೆದರೆ ಆಮಂತ್ರಣ ಕನ್ನಡದ ಹಾಗೆ ಕೇಳಿಸುತ್ತದೆ. ತೊಂದರೆ ಇರುವುದು ಅಲ್ಲೇ. ಈ ಪದ ತನ್ನ ಷರತ್ತುಗಳನ್ನು ಜೊತೆಗೇ ತರುತ್ತದೆ, ಆ ಷರತ್ತುಗಳನ್ನು ಎರಡು ದಿನದ ಸಮಾವೇಶ ಪೂರೈಸುವುದು ಕಷ್ಟ. ಮೊದಲ ಸಲ ಅಲ್ಲಿಗೆ ಹೋಗಿ ಜೇಬಿನ ತುಂಬ ಕಾರ್ಡು ತುಂಬಿಕೊಂಡು ಬಂದವರಿಗೆ ಮರುದಿನ ಕಾಡುವ ಖಾಲಿತನಕ್ಕೆ ಅವರ ಸಂಕೋಚ ಸ್ವಭಾವ ಕಾರಣವಲ್ಲ ಎಂಬುದು ನನ್ನ ವಾದ. ಪರಿಚಯದ ಹೆಸರಿನಲ್ಲಿ ಅವರ ಕೈಗೆ ಬಂದದ್ದು ಗುರುತು. ಇವೆರಡನ್ನೂ ಕನ್ನಡ ಬಹಳ ಹಿಂದೆಯೇ ಬೇರೆ ಬೇರೆ ಇಟ್ಟಿತ್ತು.

'ಪರಿಚಯ' ಸಂಸ್ಕೃತದಿಂದ ಬಂದ ಪದ. 'ಪರಿ' ಎಂದರೆ ಸುತ್ತಲೂ. ಅದರ ಬೆನ್ನಿಗೆ 'ಚಿ' ಧಾತು. ಕೋಶಕಾರರು ಎರಡು 'ಚಿ'ಗಳ ಲೆಕ್ಕ ಕೊಡುತ್ತಾರೆ. ಒಂದಕ್ಕೆ ಕೂಡಿಸು, ಪೇರಿಸು ಎಂಬ ಅರ್ಥ. ಸಂಚಯ, ಸಮುಚ್ಚಯ, ಯಜ್ಞವೇದಿಗೆ ಇಟ್ಟಿಗೆ ಜೋಡಿಸುವ ಚಯನ ಎಲ್ಲವೂ ಅದರ ಸಂತಾನ. ಇನ್ನೊಂದಕ್ಕೆ ಹುಡುಕು, ಪರೀಕ್ಷಿಸಿ ತಿಳಿದುಕೋ ಎಂಬ ಅರ್ಥ. ಮನುಷ್ಯರ ನಡುವಿನ ಪರಿಚಯ ಈ ಎರಡನೆಯದರ ಪಾಲು. ಸಂಸ್ಕೃತದಲ್ಲಿ ಅದಕ್ಕೆ ಅಭ್ಯಾಸ, ಮತ್ತೆ ಮತ್ತೆ ಮಾಡಿ ರೂಢಿಯಾಗುವುದು ಎಂಬ ಅರ್ಥವೂ ಇತ್ತು. ಯಾವ ದಾರಿಯಿಂದ ಬಂದರೂ ಒಂದು ಕೈಕುಲುಕಿಗೆ ಮುಗಿಯುವ ಕೆಲಸವಲ್ಲ. ಕನ್ನಡ ಈ ನಿಧಾನವನ್ನು ಹಾಗೆಯೇ ಉಳಿಸಿಕೊಂಡಿತು, ಅದರಲ್ಲಿ ಮೆಟ್ಟಿಲುಗಳನ್ನೂ ಕಡೆಯಿತು. ಮುಖ ಗೊತ್ತು, ಹೆಸರು ನಾಲಿಗೆಗೆ ಬಾರದು ಎಂಬ ಅರ್ಧ ದಾರಿಗೆ 'ಮುಖಪರಿಚಯ' ಎಂದು ಹೆಸರಿಟ್ಟಿತು. ವರ್ಷಗಟ್ಟಲೆ ಕಂಡವರು 'ಚಿರಪರಿಚಿತರು' ಆದರು. 'ಗುರುತು ಪರಿಚಯ ಇಲ್ಲದ ಊರು' ಎನ್ನುವಾಗ ಎರಡೂ ಒಂದೇ ಎನಿಸಬಹುದು. ಬಿಡಿಸಿ ನೋಡಿದರೆ ಅಂತರ ಕಾಣುತ್ತದೆ. ಗುರುತನ್ನು ಚೀಟಿಯ ಮೇಲೆ ಅಚ್ಚು ಹಾಕಿಸಬಹುದು, ನಮ್ಮದನ್ನು ನಾವೇ ಕೊರಳಿಗೆ ಕಟ್ಟಿಕೊಂಡು ಓಡಾಡಬಹುದು. ಪರಿಚಯಪತ್ರ ಎಂಬುದೂ ಒಂದಿತ್ತು. ಆದರೆ ಅದನ್ನು ಬರೆಯಬೇಕಾದವರು ಬೇರೊಬ್ಬರು.

ಆ ಬೇರೊಬ್ಬರು ನಮ್ಮ ವ್ಯಾಕರಣದೊಳಗೇ ಕೂತಿದ್ದಾರೆ. 'ನನಗೆ ಅವರ ಪರಿಚಯ ಇದೆ' ಎಂಬ ವಾಕ್ಯದಲ್ಲಿ 'ನಾನು' ಕರ್ತೃವಲ್ಲ. ಹಸಿವು, ನಿದ್ದೆ, ನೆನಪುಗಳ ಹಾಗೆ ಪರಿಚಯವೂ 'ನನಗೆ' ಆಗುತ್ತದೆ. ಅದನ್ನು ಕ್ರಿಯೆಯಾಗಿಸಬೇಕೆಂದರೆ ಎರಡು ದಾರಿ: 'ಪರಿಚಯ ಮಾಡಿಕೊಡು', 'ಪರಿಚಯ ಮಾಡಿಕೊ'. ಕೊಡು ಮತ್ತು ಕೊಳ್ಳು ಎಂಬ ಈ ಎರಡು ಸಹಾಯಕ ಕ್ರಿಯಾಪದಗಳು ಕನ್ನಡದಲ್ಲಿ ಮಾಡುವ ಕೆಲಸ ಸಣ್ಣದಲ್ಲ. ಬರೆದುಕೊಡುವುದು ಇನ್ನೊಬ್ಬರಿಗಾಗಿ, ಬರೆದುಕೊಳ್ಳುವುದು ತನಗಾಗಿ. 'ಮಾಡಿಕೊಡು' ಎನ್ನಲು ಮೂವರು ಬೇಕು, ಮಧ್ಯದಲ್ಲಿರುವವರು ತಮ್ಮ ಮರ್ಯಾದೆಯನ್ನು ಅಡವಿಡಬೇಕು: ನಾಳೆ ಎಡವಟ್ಟಾದರೆ 'ನೀವೇ ಅಲ್ಲವೇ ಕರೆದುಕೊಂಡು ಬಂದದ್ದು' ಎಂಬ ಮಾತು ಅವರ ಬಾಗಿಲಿಗೆ ಬರುತ್ತದೆ. 'ಮಾಡಿಕೊಳ್ಳಲು' ಇಬ್ಬರು ಸಾಕು, ಒಮ್ಮೊಮ್ಮೆ ಒಬ್ಬರ ಉತ್ಸಾಹವೇ ಸಾಕು. ಹೂಡಿಕೆದಾರರ ಲೋಕ ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲದು. ಗೊತ್ತಿರುವವರ ಮೂಲಕ ಬಂದ ಇಮೇಲಿಗೆ ಅಲ್ಲಿ 'ವಾರ್ಮ್ ಇಂಟ್ರೊ' ಎಂಬ ಹೆಸರಿದೆ, ನೇರವಾಗಿ ಬಂದದ್ದು 'ಕೋಲ್ಡ್'. ನಮ್ಮ ಭಾಷೆಗೆ ಆ ಬಿಸಿ ತಣ್ಣನೆಗಳ ಅಗತ್ಯವೇ ಬೀಳಲಿಲ್ಲ, ಕೊಡು ಕೊಳ್ಳುಗಳಲ್ಲೇ ಕೆಲಸ ಮುಗಿಯಿತು. (ಮಾಡಿಕೊಡುವವರೆಲ್ಲ ಮಿತಭಾಷಿಗಳೆಂದಲ್ಲ. 'ಇವರಿಗೆ ಪರಿಚಯದ ಅಗತ್ಯವೇ ಇಲ್ಲ' ಎಂದು ಶುರುಮಾಡಿ ಮುಖ್ಯ ಅತಿಥಿಯ ಜಾತಕವನ್ನು ಕಾಲು ಗಂಟೆ ಓದುವ ಪದ್ಧತಿ ಕನ್ನಡದ ವೇದಿಕೆಗಳಿಗೆ ಇದ್ದೇ ಇದೆ.)

ಈಗ ಸಮಾವೇಶದ ಅಂಗಳಕ್ಕೆ ಬರೋಣ. ಬೆಂಗಳೂರಿಗೆ ಇದು ಹೊಸದಲ್ಲ. 1998ರಲ್ಲಿ 'ಬ್ಯಾಂಗಲೂರ್ ಐಟಿ.ಕಾಮ್' ಎಂದು ಶುರುವಾದ ಸರ್ಕಾರಿ ಮೇಳವೇ ಇವತ್ತಿನ ಬೆಂಗಳೂರು ಟೆಕ್ ಸಮ್ಮಿಟ್. ದೊಡ್ಡದಿರಲಿ ಚಿಕ್ಕದಿರಲಿ, ಇಂಥಲ್ಲಿ ಮೊದಲು ಸಿಗುವುದು ಕೊರಳಿಗೆ ಹಾಕಿಕೊಳ್ಳುವ ಬ್ಯಾಡ್ಜ್. ಅದರ ಮೇಲೆ ಹೆಸರು, ಕಂಪನಿ, 'ಫೌಂಡರ್' ಎಂಬ ಪದವಿ, ಕೆಳಗೊಂದು ಕ್ಯೂಆರ್ ಕೋಡ್. ಎದುರಾದವರ ಕಣ್ಣು ಮುಖಕ್ಕಿಂತ ಮುಂಚೆ ಎದೆಯ ಮೇಲಿನ ಅಕ್ಷರಕ್ಕೆ ಹೋಗಿ, ಓದಿ, ಆಮೇಲೆ ಮೇಲಕ್ಕೆ ಬರುತ್ತದೆ ಅಥವಾ ಬರದೆಯೇ ಮುಂದಕ್ಕೆ ಸಾಗುತ್ತದೆ. ಇದು ಗುರುತಿನ ವ್ಯವಹಾರ, ಅಷ್ಟರ ಮಟ್ಟಿಗೆ ಪ್ರಾಮಾಣಿಕವೂ ಹೌದು. ಲಿಂಕ್ಡ್‌ಇನ್‌ನಲ್ಲಿ ಒಬ್ಬರು 30,000 'ಕನೆಕ್ಷನ್'ಗಳವರೆಗೆ ಇಟ್ಟುಕೊಳ್ಳಬಹುದು. ಅಷ್ಟು ಜನರ ಪರಿಚಯ ಇದೆ ಎಂದು ಕನ್ನಡದಲ್ಲಿ ಹೇಳಿದವನನ್ನು ನಾವು ಚುನಾವಣೆಗೆ ನಿಲ್ಲುತ್ತಿದ್ದಾನೆ ಎಂದುಕೊಳ್ಳುತ್ತೇವೆ. ಹೊಸಬರು ಎದುರಾಗಲೆಂದೇ ಏರ್ಪಡಿಸಿದ ಕೂಟದಲ್ಲಿ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇನ್‌ಗ್ರಾಮ್ ಮತ್ತು ಮೈಕೆಲ್ ಮಾರಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉದ್ಯಮ ವಲಯದವರ ಸಂಜೆಯ ಕೂಟವೊಂದರ ಅತಿಥಿಗಳಿಗೆ ಎಲೆಕ್ಟ್ರಾನಿಕ್ ಟ್ಯಾಗ್ ತೊಡಿಸಿ, ಯಾರು ಯಾರ ಜೊತೆ ನಿಂತರು ಎಂದು ದಾಖಲಿಸಿದರು. ಹೊಸಬರನ್ನು ಕಾಣಬೇಕೆಂಬುದೇ ತಮ್ಮ ಉದ್ದೇಶ ಎಂದು ಬಹುಪಾಲು ಅತಿಥಿಗಳು ಮೊದಲೇ ಹೇಳಿದ್ದರು. ಅವರು ಹೆಚ್ಚಾಗಿ ಹೋಗಿ ಸೇರಿಕೊಂಡದ್ದು ಮುಂಚಿನಿಂದ ಗೊತ್ತಿದ್ದ ಗೆಳೆಯರನ್ನು. ಮನುಷ್ಯ ಸ್ವಭಾವ 'ಮಾಡಿಕೊ' ಎಂಬ ಆಜ್ಞೆಗೆ ಸುಲಭವಾಗಿ ಬಗ್ಗುವುದಿಲ್ಲ.

ಕಂಪನಿಗಳನ್ನು ಕಟ್ಟಿದ ಪರಿಚಯಗಳು ಎಲ್ಲಿ ಹುಟ್ಟಿದವು ಎಂದು ನೋಡಿದರೂ ಇದೇ ಕಾಣುತ್ತದೆ. 1981ರಲ್ಲಿ ಪುಣೆಯಲ್ಲಿ 10,000 ರೂಪಾಯಿಯಿಂದ ಇನ್ಫೋಸಿಸ್ ಶುರುಮಾಡಿದ ಏಳು ಮಂದಿ ಪಟ್ನಿ ಕಂಪ್ಯೂಟರ್ಸ್‌ನಲ್ಲಿ ಜೊತೆಗೆ ದುಡಿದವರು. 2007ರಲ್ಲಿ ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ ಇಬ್ಬರೂ ದೆಹಲಿ ಐಐಟಿಯಲ್ಲಿ ಓದಿ ಅಮೆಜಾನ್‌ನಲ್ಲಿ ಕೆಲಸ ಮಾಡಿದ್ದವರು. ಅಪರಿಚಿತರ ನಡುವೆ ಪರಿಚಯ ಬೆಳೆಸುವ ಬಗೆಗೆ ನಮ್ಮ ಕರಾವಳಿಯಲ್ಲಿ ಇನ್ನೂ ಒಳ್ಳೆಯ ಉದಾಹರಣೆ ಇದೆ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಬ್ಯಾಂಕಿನ ಏಜೆಂಟ್ ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಕೂಡಿಸಿಕೊಂಡು ಬರುತ್ತಿದ್ದ. ಆ ಎರಡಾಣೆ ಹಣದ ಲೆಕ್ಕದಲ್ಲಿ ಏನೂ ಅಲ್ಲ. ಆದರೆ ಇನ್ನೂರು ಸಲ ಬಾಗಿಲಿಗೆ ಬಂದವನಿಗೆ ಯಾವ ಅಂಗಡಿಯಲ್ಲಿ ವ್ಯಾಪಾರ ಇಳಿದಿದೆ, ಯಾರ ಮಾತು ಗಟ್ಟಿ ಎಂಬುದೆಲ್ಲ ಕೇಳದೆ ತಿಳಿಯುತ್ತದೆ. ಆ ಅಂಗಡಿಯವರು ಸಾಲ ಕೇಳಲು ಬ್ಯಾಂಕಿಗೆ ಹೋದಾಗ ಆ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಕೂಡಿಸುವ 'ಚಿ', ಪರೀಕ್ಷಿಸಿ ತಿಳಿಯುವ 'ಚಿ' ಎರಡೂ ಒಂದೇ ಸೈಕಲ್ಲಿನ ಮೇಲೆ ಬಂದ ಹಾಗೆ.

ಇದಕ್ಕೆ ಸಮಾಜಶಾಸ್ತ್ರ ಓದಿದವರಿಂದ ಒಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ತೋರಿಸಿದ್ದು ಸಡಿಲ ನಂಟುಗಳ ಬಲವನ್ನೇ. ಪರಿಚಿತರ ಮೂಲಕ ಕೆಲಸ ಸಿಕ್ಕಿದವರನ್ನು ಅವರು ವಿಚಾರಿಸಿದಾಗ, ಆ ಪರಿಚಿತರನ್ನು ಆಗಾಗ ಕಾಣುತ್ತಿದ್ದವರು ಶೇ 16.7 ಮಾತ್ರ, ಶೇ 55.6 ಮಂದಿ ಆಗೊಮ್ಮೆ ಈಗೊಮ್ಮೆ, ಶೇ 27.8 ಮಂದಿ ತೀರಾ ವಿರಳವಾಗಿ ಕಾಣುತ್ತಿದ್ದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ಹೊಸ ಸುದ್ದಿ ಬರುವುದು ದೂರದವರಿಂದ. ಹಾಗಾದರೆ ಸಮಾವೇಶದ ಒಂದು ನಿಮಿಷದ ಭೇಟಿಗಳೇ ಲಾಭದ್ದಲ್ಲವೇ? ಅಲ್ಲ ಎನ್ನಲು ಗ್ರಾನೊವೆಟರ್ ಅವರ ಬರಹದಲ್ಲೇ ಸಾಕ್ಷಿ ಇದೆ. ಆ ದೂರದವರಲ್ಲಿ ಹಲವರು ಹಳೆಯ ಕಾಲೇಜು ಸ್ನೇಹಿತರು, ಹಿಂದಿನ ಸಹೋದ್ಯೋಗಿಗಳು, ಒಂದು ಕಾಲದ ಮಾಲೀಕರು. ನಂಟು ಸಡಿಲವಾಗಿತ್ತು, ಹೊಸದಾಗಿರಲಿಲ್ಲ. ಸಡಿಲವಾಗುವ ಮುನ್ನ ಅದು ಒಮ್ಮೆ ಬಿಗಿಯಾಗಿತ್ತು. ಆರಿದ ಕೆಂಡವೂ ಹೊತ್ತದ ಕಟ್ಟಿಗೆಯೂ ದೂರದಿಂದ ನೋಡಿದರೆ ಒಂದೇ ಥರ ತಣ್ಣಗೆ, ಊದಿದಾಗ ತಿಳಿಯುತ್ತದೆ.

ಎರಡನೆಯ ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ, ನಾನು ಹೆಚ್ಚು ಹೊತ್ತು ನಿಲ್ಲಬೇಕಾದದ್ದೂ ಇಲ್ಲೇ. 'ಪರಿಚಯ' ಇಷ್ಟೆಲ್ಲ ಮೆಚ್ಚಬೇಕಾದ ಪದವೇನಲ್ಲ, ಅದರ ಮಲಸೋದರ 'ವಶೀಲಿ' ಎಂದು ಯಾರಾದರೂ ಹೇಳಿದರೆ ಅದು ನಿಜ. ಅರಬ್ಬಿ ಮೂಲದಲ್ಲಿ ಸಾಧನ, ಮಾಧ್ಯಮ ಎಂಬ ನಿರಪಾಯದ ಅರ್ಥವಿದ್ದ ಆ ಪದ ನಮ್ಮ ಕಚೇರಿಗಳ ಪಡಸಾಲೆಯಲ್ಲಿ ಯಾಕೆ ಕೆಟ್ಟಿತೋ ಎಲ್ಲರಿಗೂ ಗೊತ್ತು. 'ಯಾರ ಕಡೆಯಿಂದ ಬಂದಿರಿ?' ಎಂಬ ಪ್ರಶ್ನೆಯ ಹಿಂದೆಯೇ 'ಯಾವ ಕಡೆಯವರು?' ಎಂಬ ಇನ್ನೊಂದು ಪ್ರಶ್ನೆ ಕಾಯುತ್ತಿರುತ್ತದೆ. ದೇಶದ 1,000 ದೊಡ್ಡ ಕಂಪನಿಗಳ ಆಡಳಿತ ಮಂಡಳಿಗಳನ್ನು ಪರಿಶೀಲಿಸಿ 2012ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಪ್ರಕಟಿಸಿದ ಅಧ್ಯಯನದಂತೆ, ಸದಸ್ಯರಲ್ಲಿ ಸುಮಾರು ಶೇ 93 ಮಂದಿ ಮುಂದುವರಿದ ಜಾತಿಗಳವರು. ಪರಿಚಯ ಪರಿಚಯವನ್ನೇ ಹೆರುತ್ತಾ ಹೋದರೆ ಆಗುವುದು ಇದು. ನಾನು ಮೇಲೆ ಕೊಟ್ಟ ಐಐಟಿ, ಪಟ್ನಿಗಳ ಉದಾಹರಣೆಗಳೂ ಈ ಆಕ್ಷೇಪದ ಕಡೆಗೇ ವಾಲುತ್ತವೆ: ಆ ಬಾಗಿಲುಗಳೊಳಗೆ ಮೊದಲೇ ಹೊಕ್ಕವರಿಗೆ ಸಿಕ್ಕ ಒಡನಾಟ ಅದು. ಅಪ್ಪನಿಗೆ ಅಂಗಡಿ ಇಲ್ಲದ, ಮಾವನಿಗೆ ಬ್ಯಾಂಕ್ ಮ್ಯಾನೇಜರ್ ಗೊತ್ತಿಲ್ಲದ ರಾಯಚೂರಿನ ಹುಡುಗಿಗೆ ಟಿಕೆಟ್ ಕೊಂಡು ಒಳಗೆ ಹೋಗಬಹುದಾದ ಸಮಾವೇಶ ದೊಡ್ಡ ಮಾತು. ಆ ಕೊಲಂಬಿಯಾ ಅಧ್ಯಯನವೂ ಇದನ್ನು ಒಪ್ಪುತ್ತದೆ. ವರ್ಣ, ಲಿಂಗ, ವೃತ್ತಿಗಳಲ್ಲಿ ತಮಗಿಂತ ಬೇರೆಯಾದವರ ಜೊತೆ ಅತಿಥಿಗಳು ಬೆರೆತದ್ದನ್ನು ಅದು ದಾಖಲಿಸಿದೆ. ಗುರುತಿಗೆ ಇಲ್ಲಿ ನಿಜವಾದ ಬೆಲೆ ಇದೆ ಎಂದು ಒಪ್ಪುತ್ತೇನೆ. ಆದರೂ ಬಾಗಿಲು ತೆರೆದವರು ಅಷ್ಟಕ್ಕೇ ಕೈತೊಳೆದುಕೊಂಡರೆ, ಒಳಗೆ ಹೊಕ್ಕ ಹುಡುಗಿ ಗೋಡೆಯ ಪಕ್ಕ ಕಾಫಿ ಲೋಟ ಹಿಡಿದು ನಿಲ್ಲುತ್ತಾಳೆ, ಹಳೆಯ ಗೆಳೆಯರು ನಡುವೆ ಗುಂಪು ಕಟ್ಟಿರುತ್ತಾರೆ. ಪರಿಚಯವಿಲ್ಲದವರಿಗೆ ಪರಿಚಯ ದಕ್ಕಿಸಿದ ಪ್ರಯತ್ನಗಳು ಬೇರೆ ದಾರಿ ಹಿಡಿದವು. ಬೆಂಗಳೂರಿನಲ್ಲಿ 1983ರಲ್ಲಿ ಮಹಿಳಾ ಉದ್ಯಮಿಗಳು ಕಟ್ಟಿಕೊಂಡ 'ಅವೇಕ್', 2005ರಲ್ಲಿ ಪುಣೆಯಲ್ಲಿ ಆರಂಭವಾದ ದಲಿತ ಉದ್ಯಮಿಗಳ ಸಂಸ್ಥೆ 'ಡಿಕ್ಕಿ', ಇವೆರಡೂ ವರ್ಷವಿಡೀ ಬಾಗಿಲು ತೆರೆದಿರುವ ಸಂಘಗಳು. ಮುಂದೆ ಹೋದವರು ಹಿಂದೆ ಬರುವವರನ್ನು ಕೈಹಿಡಿದು ಕರೆದೊಯ್ದು ಪರಿಚಯ ಮಾಡಿಕೊಡಲಿ ಎಂದೇ ಹುಟ್ಟಿಕೊಂಡವು. ಪರಿಚಯದ ಅನ್ಯಾಯಕ್ಕೆ ಅವು ಕಂಡುಕೊಂಡ ಮದ್ದು ಇನ್ನಷ್ಟು ಜನ ಪರಿಚಯ ಮಾಡಿಕೊಡುವವರು.

ಇನ್ನೊಂದು ಅಸಮಾಧಾನ ಆಕ್ಷೇಪಕ್ಕಿಂತ ಮುಜುಗರದ ರೂಪದಲ್ಲಿ ಬರುತ್ತದೆ. ಲಾಭಕ್ಕಾಗಿ ಜನರನ್ನು ಮಾತಾಡಿಸುವುದೇ ಕೀಳಲ್ಲವೇ, ಅದು ಮನುಷ್ಯರ ಬಳಕೆಯಲ್ಲವೇ ಎಂದು. ಇಲ್ಲಿ ಕನ್ನಡ ನಮಗಿಂತ ಧೈರ್ಯಶಾಲಿ. 'ಆ ಮನೆಗೂ ನಮಗೂ ಬಳಕೆ ಇದೆ' ಎಂದರೆ ಹೋಗಿ ಬರುವ, ಕೊಟ್ಟು ತರುವ ಸಂಬಂಧ ಇದೆ ಎಂದು ಅರ್ಥ. ಹಳಬರ 'ಹೊಕ್ಕುಬಳಕೆ'ಯೂ ಅದೇ. ಉಪಯೋಗಕ್ಕೂ ಸಖ್ಯಕ್ಕೂ ಒಂದೇ ಪದ ಇಟ್ಟ ಜನ ಉಪಯೋಗವನ್ನು ಪಾಪವೆಂದು ತಿಳಿದಿರಲಿಲ್ಲ. ಪಾಪ ಅಂಟಿದ್ದು 'ಬಳಸಿಕೊಂಡ' ಎಂದಾಗ. ಮತ್ತೆ ಅದೇ 'ಕೊಳ್ಳು'. ಕೊಡು ಇಲ್ಲದೆ ಕೊಳ್ಳು ಒಂಟಿಯಾಗಿ ಬಂದಾಗಲೆಲ್ಲ ಕನ್ನಡ ಕಿವಿ ನಿಮಿರಿಸುತ್ತದೆ.

ಹಾಗಾಗಿ ಮೊದಲ ಸಲ ಹೋಗುವವರು ಒಂದು ಸಣ್ಣ ಪ್ರಯೋಗ ಮಾಡಬಹುದು. ಎರಡು ದಿನದಲ್ಲಿ ಎಷ್ಟು ಜನರ ಪರಿಚಯ ಮಾಡಿಕೊಂಡೆ ಎಂದು ಎಣಿಸುವ ಬದಲು, ಯಾರಿಗೆ ಯಾರ ಪರಿಚಯ ಮಾಡಿಕೊಟ್ಟೆ ಎಂದು ಎಣಿಸುವುದು. ಬೆಳಿಗ್ಗೆ ಸಿಕ್ಕ ಪ್ಯಾಕೇಜಿಂಗ್ ಹುಡುಗನನ್ನು ಮಧ್ಯಾಹ್ನ ಸಿಕ್ಕ ಉಪ್ಪಿನಕಾಯಿ ಉದ್ಯಮದ ಹೆಂಗಸಿನ ಬಳಿ ಕರೆದೊಯ್ಯಲು ಹೊಸಬರಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ಸಂಘಟಕರೂ ಊಟದ ಕೂಪನ್ನಿನಷ್ಟೇ ಗಮನವನ್ನು ಇದಕ್ಕೆ ಕೊಟ್ಟು, ಪ್ರತಿ ಹೊಸಬರ ಜೊತೆ ಒಬ್ಬ ಹಳಬರನ್ನು ಅರ್ಧ ದಿನ ಕಳಿಸಬಹುದು. ಮದುವೆ ಮನೆಯಲ್ಲಿ ಬೀಗರ ಕಡೆಯವರನ್ನು ನೋಡಿಕೊಳ್ಳಲು ಒಬ್ಬ ಚಿಕ್ಕಪ್ಪನನ್ನು ನೇಮಿಸುತ್ತಾರಲ್ಲ, ಹಾಗೆ. ಉಳಿದದ್ದು ಬ್ಯಾಡ್ಜ್ ಕಳಚಿದ ಮೇಲೆ ನಡೆಯುವಂಥದ್ದು. ಮುಂದಿನ ವರ್ಷದ ಮೇಳದಲ್ಲಿ ಅದೇ ಮುಖ ಎದುರಾಗಿ, ಎದೆಯ ಮೇಲಿನ ಅಕ್ಷರ ಓದದೆ, 'ನಿಮ್ಮನ್ನು ಎಲ್ಲೋ ನೋಡಿದ ಹಾಗಿದೆ' ಎಂದರೆ, ಅಲ್ಲಿಗೆ ಮುಖಪರಿಚಯ ಆಯಿತು.