ಬಳೆಗಾರ ಗುಂಡು

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗರಾಮೇಶ್ವರ ಬೆಟ್ಟವನ್ನು ಜನ ಏರುವುದು ದೇವರ ದರ್ಶನಕ್ಕೆ, ಜೊತೆಗೆ ಮೇಲಿನಿಂದ ಕಾಣುವ ನೋಟಕ್ಕೆ. ಕೆಳಗೆ ಬ್ರಹ್ಮಗಿರಿ, ಸಿದ್ದಾಪುರಗಳ ಸೀಮೆ ಹರಡಿದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕನು ಇಸಿಲದ ಮಹಾಮಾತ್ರರಿಗೆ ಕಳುಹಿದ ಶಾಸನವನ್ನು ಈ ಮೂರು ಎಡೆಗಳಲ್ಲಿಯೂ ಬಂಡೆಗೆ ಕೊರೆದರು. 1892ರಲ್ಲಿ ಬಿ. ಎಲ್. ರೈಸ್ ಅವರು ಅವನ್ನು ಬೆಳಕಿಗೆ ತಂದರು.

ಮೂರರಲ್ಲಿ ಬೆಟ್ಟದ ಮೇಲಿನದು ಬಹಳ ಸವೆದಿದೆ. ಜಾತ್ರೆಯ ಕಾಲದಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರಾಯಿತು. ಶ್ರಮಪಟ್ಟರೆ ಸ್ವರ್ಗವು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ದೊರಕೀತೆಂಬುದು ಶಾಸನದ ತಿರುಳು. ಬಳೆ ಹರವಿ ಕುಳಿತ ಆ ಸಣ್ಣವರಿಗೆ ಅದನ್ನು ಓದಿ ಹೇಳಬಲ್ಲವರು ಶತಮಾನಗಳ ಕಾಲ ಯಾರೂ ಇರಲಿಲ್ಲ. ದೂರದ ನೋಟವನ್ನರಸಿ ಬೆಟ್ಟವೇರುವವರು ಗುಡಿಯ ಬಳಿ ನಿಂತು ಆ ಬಂಡೆಯನ್ನೂ ನೋಡಿ ಬರಬೇಕು.