ಬೆಳಕು ಯಾರಿಗೆ ಬಂತು, ಚುಕ್ಕಿ ಯಾರಿಂದ ಹೋಯ್ತು?



ಬೆಂಗಳೂರಲ್ಲಿ ರಾತ್ರಿ ತಲೆ ಎತ್ತಿದರೆ ಈಗ ಹತ್ತಿಪ್ಪತ್ತು ಚುಕ್ಕಿ ಕಂಡ್ರೆ ಹೆಚ್ಚು. ಇದಕ್ಕೆ ಬೆಳಕಿನ ಮಾಲಿನ್ಯ ಅಂತಾರೆ. ಪರಿಸರದವರು ಇದರ ಬಗ್ಗೆ ಮಾತಾಡ್ತಾರೆ. ನಾವು ಮಾತಾಡಲ್ಲ, ನಮ್ಮ ವಿಷಯ ಅಲ್ಲ ಅನ್ಕೊಂಡಿದೀವಿ. ಆದರೆ ಇದರ ಚರಿತ್ರೆ ತೆಗೆದು ನೋಡಿ, ನಮ್ಮ ಚರಿತ್ರೆಯೇ ಸಿಗುತ್ತೆ.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತೆಗೆದರು. ಅದು ಹೋಗಿದ್ದು ಪಕ್ಕದ ಹಳ್ಳಿಗಲ್ಲ. ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಒಯ್ದರು. ಗಣಿ ಬ್ರಿಟಿಷ್ ಕಂಪನಿಗಳದ್ದು. ಪಾತಾಳಕ್ಕೆ ಇಳಿದ ಕೂಲಿಗಳಲ್ಲಿ ಹೆಚ್ಚಿನವರು ಆರ್ಕಾಟ್ ಕಡೆಯಿಂದ ಬಂದ ನಮ್ಮ ಜನ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು, 1908ರಲ್ಲಿ ಮೈಸೂರಿಗೆ. ಗಣಿ, ಪೇಟೆ, ಅರಮನೆ. ಕೇರಿ ಎಲ್ಲಿ?

ಎಷ್ಟೋ ಕೇರಿಗಳಿಗೆ ಬೆಳಕು ಬರೋಕೆ ಮುಕ್ಕಾಲು ಶತಮಾನ ಹಿಡೀತು. ಬಂದಿದ್ದು ಭಾಗ್ಯಜ್ಯೋತಿಯ ಒಂದೇ ಬಲ್ಬು. ನಾನು ಬಿ.ಎ. ತನಕ ಓದಿದ್ದು ಅಂಥದೇ ಬಲ್ಬಿನ ಕೆಳಗೆ. ಅದನ್ನ ಮಾಲಿನ್ಯ ಅಂದ್ರೆ ನಾನು ಒಪ್ಪಲ್ಲ.

ಅದಕ್ಕೂ ಮುಂಚೆ ರಾತ್ರಿ ಆಕಾಶದ ಕೆಳಗೆ ಇದ್ದವರು ಯಾರು? ಕೆರೆ ತೂಬು ನೋಡ್ಕೊಳ್ಳೋ ನೀರಗಂಟಿ, ಬೆಳೆ ಕಾಯೋ ತೋಟಿ, ಕಣ ಕಾಯೋ ಜೀತದಾಳು. ಬಹುಪಾಲು ನಮ್ಮೋರೇ. ಗಡಿಯಾರ ಇಲ್ಲದೋರಿಗೆ ಬೆಳ್ಳಿ ಚುಕ್ಕಿಯೇ ಗಡಿಯಾರ. ಆ ಅರಿವನ್ನ ಯಾರೂ ವಿದ್ಯೆ ಅನ್ನಲಿಲ್ಲ. ದಕ್ಷಿಣೆ ಸಿಕ್ಕಿದ್ದು ಪಂಚಾಂಗ ಓದಿದವನಿಗೆ.

ಈಗ ಆ ಆಕಾಶವೂ ಹೋಗ್ತಿದೆ. 2016ರಲ್ಲಿ ವಿಜ್ಞಾನಿಗಳು ಮಾಡಿದ ಜಗತ್ತಿನ ನಕ್ಷೆ ಪ್ರಕಾರ ಶೇ. 80ಕ್ಕಿಂತ ಹೆಚ್ಚು ಜನ ಕೆಟ್ಟ ಬೆಳಕಿನ ಆಕಾಶದ ಕೆಳಗಿದ್ದಾರೆ. ಮೂರರಲ್ಲಿ ಒಂದು ಪಾಲು ಜನಕ್ಕೆ ಆಕಾಶಗಂಗೆಯೇ ಕಾಣಲ್ಲ. ಮೇಲಕ್ಕೆ ಚೆಲ್ಲಿದ ಬೆಳಕು ಗಾಳಿ, ಧೂಳಿಗೆ ತಾಗಿ ಚದುರಿ ಚುಕ್ಕಿಗಳನ್ನ ಮುಚ್ಚುತ್ತೆ. ಬಿಳಿ ಎಲ್‌ಇಡಿಯಲ್ಲಿರೋ ನೀಲಿ ಬೆಳಕು ಇನ್ನೂ ಜಾಸ್ತಿ ಚದುರುತ್ತೆ.

ಹಾಗಂತ ದೀಪ ಆರಿಸಬೇಕಾ? ಲಡಾಖ್‌ನ ಹಾನ್ಲೆ ನೋಡಿ. ಅಲ್ಲಿರೋ ದೊಡ್ಡ ದೂರದರ್ಶಕವನ್ನ ನಡೆಸೋದು ನಮ್ಮ ಹೊಸಕೋಟೆಯಲ್ಲಿ ಕೂತು. 2022ರಲ್ಲಿ ಆ ಪ್ರದೇಶವನ್ನ ಕತ್ತಲ ಆಕಾಶದ ಮೀಸಲು ಅಂತ ಘೋಷಿಸಿದರು. ಅಲ್ಲಿ ಜನರ ದೀಪ ಕಿತ್ಕೊಂಡಿಲ್ಲ. ಮರೆ ಹಾಕಿ, ಬೆಳಕನ್ನ ನೆಲಕ್ಕೆ ತಿರುಗಿಸ್ತಾರೆ. ಬಂದವರಿಗೆ ಆಕಾಶ ತೋರಿಸೋ ಕೆಲಸವನ್ನ ಊರಿನವರಿಗೇ ಕಲಿಸಿ ಕೊಟ್ಟಿದಾರೆ.

ಹಾಗಾಗಿ ಯಾರಾದ್ರೂ "ಕತ್ತಲೆ ಉಳಿಸಿ" ಅಂತ ಬಂದ್ರೆ ಮೊದಲು ಕೇಳಿ: ಯಾವ ದೀಪ ಆರಿಸ್ತೀರಿ ಸ್ವಾಮಿ? ಮಾಲ್‌ನ ಜಾಹೀರಾತು ಬೋರ್ಡಾ, ನಮ್ಮ ಹೆಣ್ಮಕ್ಕಳು ಕೆಲಸ ಮುಗಿಸಿ ಬರೋ ದಾರಿಯ ದೀಪನಾ?

ಕಾರ್ಲ್ ಸಗಾನ್ ಥರ ವಿಜ್ಞಾನ ಬರೀಬೇಕು ಅಂತ ಆಸೆಪಟ್ಟವನು ನಮ್ಮ ರೋಹಿತ್ ವೇಮುಲ. ಚುಕ್ಕಿ ನೋಡೋದು ಉಳ್ಳವರ ಶೋಕಿ ಅಲ್ಲ. ನಮಗೆ ಬೀದಿ ದೀಪವೂ ಬೇಕು, ಆಕಾಶವೂ ಬೇಕು.

ನಿಮ್ಮ ಕೇರಿಗೆ ದೀಪ ಕೇಳಿ ಪಂಚಾಯ್ತಿಗೆ ಅರ್ಜಿ ಹಾಕುವಾಗ "ಬೆಳಕು ನೆಲಕ್ಕೆ ಬೀಳುವಂತೆ ಮರೆ ಇರುವ ದೀಪ" ಅಂತ ಸೇರಿಸಿ. ಗುಮಾಸ್ತ ನಾನು, ಬರೆಯೋಕೆ ಬರದಿದ್ರೆ ಹೇಳಿ, ಅರ್ಜಿ ಬರ್ಕೊಡ್ತೀನಿ.

ಜೈ ಭೀಮ್.